ಬಾಯಿಗೆ ಮೂರು ಬೆರಳು ಹೋಗುತ್ತಾ?

ಮೊನ್ನೆ ಹಾಸ್ಟೆಲ್‌ನಲ್ಲಿ ರೂಂಮೇಟ್ ಮಿರ್ಚಿ ಬಜ್ಜಿಯನ್ನು ಚೂರು ಚೂರು ಮಾಡಿ, ನೀರು ಕುಡಿಯುತ್ತಾ ತಿನ್ನುತ್ತಿದ್ದ. ಖಾರ ತಡೆಯೋಕೇ ಆಗಲ್ಲ ಅಂದ. ನನಗೆ ಅನುಮಾನ ಬಂತು. ‘ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕು ನೋಡೋಣ’ ಎಂದೆ. ಎರಡೇ ಹೋದವು.

ಪಿಯುಸಿಯಿಂದಲೂ ಅವನ ಜೇಬಲ್ಲಿ ಜೋಡಿ ಪೊಟ್ಟಣ. ಒಂದು ಪಾನ್ ಮಸಾಲಾ, ಇನ್ನೊಂದು ತಂಬಾಕು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಮತ್ತೆ ಅದೇ ಗುಟ್ಕಾ!

ಬಯೋಟೆಕ್ನಾಲಜಿ ಓದುವ ನಾನು ‘ಇಜಿಎಫ್‌ಆರ್’ ಎಂಬ ಪಾಠವನ್ನು ಹತ್ತು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಅವತ್ತು ಅರ್ಥವಾಯಿತು.

ನಮ್ಮ ಜೀವಕೋಶದ ಪೊರೆಯಲ್ಲಿ ಕಾಲಿಂಗ್ ಬೆಲ್‌ನಂಥ ಗ್ರಾಹಕಗಳಿವೆ. ಕೆನ್ನೆಯ ಒಳಪದರ ಸವೆದಾಗ ಬೆಳವಣಿಗೆ ಅಂಶ ಎಂಬ ಪ್ರೋಟೀನು ಬಂದು ಬೆಲ್ ಒತ್ತುತ್ತದೆ. ಕೋಶ ಒಡೆದು ಎರಡಾಗುತ್ತದೆ, ಗಾಯ ಮಾಯುತ್ತದೆ, ಬೆಲ್ ಸುಮ್ಮನಾಗುತ್ತದೆ. ಈ ಪ್ರೋಟೀನನ್ನು ಸ್ಟ್ಯಾನ್ಲಿ ಕೋಹೆನ್ ಮೊದಲು ಕಂಡದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ. 1986ರಲ್ಲಿ ಅವರಿಗೆ ನೊಬೆಲ್ ಬಂತು.

ಅಡಿಕೆ, ತಂಬಾಕು, ಸುಣ್ಣ ವರ್ಷಗಟ್ಟಲೆ ಒಂದೇ ಜಾಗವನ್ನು ಸುಡುತ್ತಿದ್ದರೆ ಕೋಶದ ಡಿಎನ್‌ಎ ಕೆಡುತ್ತದೆ. ಬಾಯಿ ಕ್ಯಾನ್ಸರ್‌ನ ಬಹುಪಾಲು ಗಡ್ಡೆಗಳಲ್ಲಿ ಈ ಬೆಲ್‌ಗಳು ಲೆಕ್ಕ ಮೀರಿ ಹೆಚ್ಚಿರುತ್ತವೆ. ಅವು ಒಂದೇ ಸಮ ಬಾರಿಸುತ್ತವೆ, ಕೋಶಗಳು ನಿಲ್ಲದೆ ಹೆಚ್ಚುತ್ತವೆ.

ಬೆಲ್ ಮುಚ್ಚುವ ಔಷಧಗಳೂ ಬಂದಿವೆ. ನಮ್ಮ ಬೆಂಗಳೂರಿನ ಬಯೋಕಾನ್ 2006ರಲ್ಲೇ ಅಂಥದ್ದೊಂದನ್ನು ಮಾರುಕಟ್ಟೆಗೆ ತಂದಿತು. ಆದರೆ ಅವು ದುಬಾರಿ, ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಆಪರೇಷನ್, ರೇಡಿಯೇಷನ್ ತಪ್ಪುವುದೂ ಇಲ್ಲ.

ನಮ್ಮದೂ ಅಡಿಕೆ ತೋಟದ ಮನೆ. ಹಾಗಾಗಿ ಇದನ್ನು ಬರೆಯಲು ಸಂಕಟವಾಗುತ್ತದೆ. ಆದರೂ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ.

ಗೆಳೆಯನನ್ನು ಡೆಂಟಲ್ ಕಾಲೇಜಿಗೆ ಎಳೆದುಕೊಂಡು ಹೋದೆ. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು ಎಂದರು ಡಾಕ್ಟರ್. ಕೆನ್ನೆಯ ಒಳಭಾಗ ನಾರುಗಟ್ಟಿದೆಯಂತೆ. ಬಾಯಿ ಮೊದಲಿನಂತೆ ಪೂರ್ತಿ ತೆರೆಯುವುದು ಅನುಮಾನ. ಈಗ ಬಿಟ್ಟರೆ ಅಪಾಯವಂತೂ ತಗ್ಗುತ್ತದೆ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356ಕ್ಕೆ ಅವನೇ ಫೋನ್ ಮಾಡಿದ. ಇಪ್ಪತ್ತು ದಿನವಾಯಿತು, ಜೇಬು ಖಾಲಿ ಇದೆ.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ಉರಿ – ಇವು ಕಂಡರೆ ತಡಮಾಡಬೇಡಿ. ಓದುತ್ತಿರುವ ನೀವೂ ಒಮ್ಮೆ ಮೂರು ಬೆರಳು ಇಟ್ಟು ನೋಡಿ. ಪಕ್ಕದ ಬೆಂಚಿನವನಿಗೂ ಹೇಳಿ.