ಕಾಲ್ಚೆಂಡಾಟವೂ ಹೊಟ್ಟೆಪಾಡೂ

ನಮ್ಮ ಕಂಪ್ಲಿಯ ಪುರಾತನ ಕಥೆಯಲ್ಲಿ ಚೆಂಡಿಗೆ ಒಂದು ದುಃಖದ ಸ್ಥಾನವುಂಟು. ಕಂಪಿಲರಾಯನ ಮಗನಾದ ಕುಮಾರರಾಮನು ಗೆಳೆಯರೊಡನೆ ಆಡುತ್ತಿರಲು ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯೊಳಗೆ ಬಿದ್ದಿತು. ಅದನ್ನು ತರಹೋದ ರಾಜಪುತ್ರನನ್ನು ಆಕೆಯು ಮೋಹಿಸಿದಳು. ಅವನು ಒಪ್ಪದಿರಲು ಅವನ ಮೇಲೆ ಇಲ್ಲದ ಅಪವಾದವನ್ನು ಹೊರಿಸಿದಳು. ಮಹಾಭಾರತದಲ್ಲಿಯಾದರೋ ಇದಕ್ಕೆ ವಿಪರೀತವಾದ ಪ್ರಸಂಗವೊಂದಿದೆ. ಕುರುಕುಮಾರರ ಚೆಂಡು ಬಾವಿಗೆ ಬಿದ್ದಾಗ, ಬಡತನದಿಂದ ಬೆಂದು ಹಸ್ತಿನಾವತಿಗೆ ಬಂದಿದ್ದ ದ್ರೋಣಾಚಾರ್ಯರು ಹುಲ್ಲುಕಡ್ಡಿಗಳಿಂದಲೇ ಅದನ್ನು ಮೇಲೆತ್ತಿ ತೋರಿಸಿದರು. ಆ ಕೌಶಲವೇ ಅವರಿಗೆ ಭೀಷ್ಮರ ಆಶ್ರಯವನ್ನೂ ಸಂಸಾರಕ್ಕೆ ಅನ್ನವನ್ನೂ ಒದಗಿಸಿತು. ಒಂದು ಚೆಂಡು ಒಬ್ಬನ ಬಾಳಿಗೆ ಮುಳುವಾಯಿತು. ಇನ್ನೊಂದು ಒಬ್ಬರಿಗೆ ಬಾಳನ್ನೇ ಕೊಟ್ಟಿತು.

ಮನೆಯಲ್ಲಿ ಆಟದ ಹುಚ್ಚಿನ ಮಗನಿರುವ ತಂದೆತಾಯಿಗಳ ಮನಸ್ಸಿನಲ್ಲಿ ಈ ಎರಡು ಚೆಂಡುಗಳೂ ಉರುಳಾಡುತ್ತಿರುತ್ತವೆ. ‘ಹುಡುಗ ಚೆನ್ನಾಗಿ ಆಡುತ್ತಾನೆ, ನಿಜ, ಆದರೆ ಆಟದಿಂದ ಅನ್ನ ಹುಟ್ಟೀತೇ?’ ಎಂಬುದು ಅವರ ಪ್ರಶ್ನೆ. ಉಪಾಧ್ಯಾಯ ವೃತ್ತಿಯಲ್ಲಿ ನಾವಿದ್ದಷ್ಟು ಕಾಲವೂ ಈ ಮಾತನ್ನು ಕೇಳುತ್ತಲೇ ಬಂದೆವು. ಇದು ಲಘುವಾದ ಪ್ರಶ್ನೆಯಲ್ಲ. ಕಾಲ್ಚೆಂಡಾಟದ ಚರಿತ್ರೆಯನ್ನು ನೋಡಿದರೆ ಇದಕ್ಕೆ ಒಂದು ಉತ್ತರವು ದೊರೆಯುವಂತಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಲೀಗ್ ಎಂಬುದರ ಕ್ರಮವನ್ನು ತಿಳಿಯೋಣ. ಸೋತವರು ಅಂದೇ ಮನೆಗೆ ಹೊರಡುವ ಪಂದ್ಯಾಟವು ಬೇರೆ, ಲೀಗ್ ಬೇರೆ. ಲೀಗಿನಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡಬೇಕು. ಗೆದ್ದರೆ ೩ ಅಂಕಗಳು, ಸಮವಾದರೆ ೧, ಸೋತರೆ ಶೂನ್ಯ. ೨೨ ತಂಡಗಳಿದ್ದು ತನ್ನ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವುದಾದರೆ ಒಂದೊಂದು ತಂಡಕ್ಕೂ ೪೨ ಆಟಗಳಾದುವು. ಕಡೆಯಲ್ಲಿ ಹೆಚ್ಚು ಅಂಕಗಳನ್ನು ಪಡೆದವರು ಮೇಲಿನ ತರಗತಿಗೆ ಏರುವರು. ತೀರ ಹಿಂದೆ ಬಿದ್ದವರು ಕೆಳಗಿನ ತರಗತಿಗೆ ಇಳಿಯುವರು. ನಮ್ಮ ಶಾಲೆಗಳ ವಾರ್ಷಿಕ ಪರೀಕ್ಷೆಗೂ ಇದಕ್ಕೂ ಇರುವ ಭೇದವಿಷ್ಟೇ: ಶಾಲೆಯಲ್ಲಿ ನಪಾಸಾದವನು ಇದ್ದಲ್ಲಿಯೇ ಇರುತ್ತಾನೆ, ಇಲ್ಲಿ ಕೆಳಕ್ಕೆ ಹೋಗುತ್ತಾನೆ. ಹೀಗೆ ತಿಂಗಳುಗಟ್ಟಲೆ ನಡೆಯುವ ಈ ವ್ಯವಹಾರದಲ್ಲಿ ಒಂದು ದಿನದ ಅದೃಷ್ಟಕ್ಕಿಂತ ಒಂದು ವರ್ಷದ ತಾಳ್ಮೆಗೆ ಬೆಲೆ ಹೆಚ್ಚು. ತಿಂಗಳುಗಟ್ಟಲೆ ಆಡುವವನು ಆ ತಿಂಗಳುಗಳಲ್ಲಿ ಊಟಕ್ಕೆ ಏನು ಮಾಡಬೇಕೆಂಬ ಪ್ರಶ್ನೆಯೂ ಲೀಗಿನೊಂದಿಗೇ ಹುಟ್ಟಿತು.

ಈ ಪ್ರಶ್ನೆಯು ಮೊದಲು ಎದ್ದುದು ಇಂಗ್ಲೆಂಡಿನಲ್ಲಿ. ಅಲ್ಲಿ ೧೮೬೩ರಲ್ಲಿ ಫುಟ್ಬಾಲ್ ಸಂಘವು ಸ್ಥಾಪಿತವಾಗಿ ಆಟಕ್ಕೆ ನಿಯಮಗಳಾದುವು. ಆರಂಭದಲ್ಲಿ ಆಟವು ಸಿರಿವಂತರ ಶಾಲೆಗಳದ್ದಾಗಿತ್ತು; ಕ್ರಮೇಣ ದುಡಿಯುವ ಜನರ ಕೈಸೇರಿತು. ಇದಕ್ಕೆ ಕಾರಣವಾದುವುಗಳಲ್ಲಿ ೧೮೫೦ರ ಕಾರ್ಖಾನೆ ಶಾಸನವೂ ಒಂದು. ಬಟ್ಟೆಯ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಯತಕ್ಕದ್ದೆಂದು ಅದು ವಿಧಿಸಿತು. ಶನಿವಾರದ ಅರ್ಧ ದಿನದ ಬಿಡುವು ಹೀಗೆ ಮೆಲ್ಲಮೆಲ್ಲನೆ ಎಲ್ಲ ದುಡಿಮೆಗಾರರಿಗೂ ಹರಡಿತು. ಆ ಬಿಡುವಿನಲ್ಲಿ ಕಾಲ್ಚೆಂಡಾಟವು ಬೆಳೆಯಿತು. ಇಂದು ಜಗತ್ಪ್ರಸಿದ್ಧವಾಗಿರುವ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ೧೮೭೮ರಲ್ಲಿ ರೈಲ್ವೆ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು. ಆರ್ಸೆನಲ್ ತಂಡವು ೧೮೮೬ರಲ್ಲಿ ತುಪಾಕಿ ಮದ್ದುಗುಂಡುಗಳ ಕಾರ್ಖಾನೆಯಲ್ಲಿ ಹುಟ್ಟಿದ್ದು. ವೆಸ್ಟ್ ಹ್ಯಾಮ್ ತಂಡದ ಮೂಲವು ೧೮೯೫ರಲ್ಲಿ ಥೇಮ್ಸ್ ನದಿಯ ದಂಡೆಯ ಕಬ್ಬಿಣದ ಕಾರ್ಖಾನೆಯಲ್ಲಿದೆ. ಕಬ್ಬಿಣಕ್ಕೂ ಚೆಂಡಿಗೂ ಇರುವ ಈ ನಂಟನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮ್ಮ ಸಂಡೂರಿನ ಬಳಿಗೇ ಬರಲಿದೆ.

ಕೆಲಸವನ್ನು ಬಿಟ್ಟು ಆಡಲು ಬಂದವನಿಗೆ ಅಂದಿನ ಕೂಲಿಯನ್ನು ತುಂಬಿಕೊಡಬೇಕೇ, ಬೇಡವೇ? ಈ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ವಾದವೇ ನಡೆಯಿತು. ಹಣವನ್ನು ಮುಟ್ಟಿದರೆ ಆಟವು ಮೈಲಿಗೆಯಾಗುವುದೆಂದು ಸಿರಿವಂತರು ಹೇಳಿದರು. ಹಣವಿಲ್ಲದೆ ತಮ್ಮ ಮನೆಯ ಒಲೆ ಉರಿಯದೆಂದು ಕೆಲಸಗಾರರು ಹೇಳಿದರು. ೧೮೮೫ರಲ್ಲಿ ಸಂಘವು ಸಂಬಳದ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಆದರೂ ಹಳೆಯ ವ್ರತವನ್ನು ಬಿಡದವರು ಅನೇಕರಿದ್ದರು. ೧೯೦೫ರಲ್ಲಿ ಲಂಡನ್ನಿನ ಸುತ್ತಿನಲ್ಲಿ ಸ್ಥಾಪಿತವಾದ ಇಸ್ತ್‌ಮಿಯನ್ ಲೀಗ್ ‘ಮಾನವೊಂದೇ ಸಾಕು’ ಎಂಬರ್ಥದ ಲ್ಯಾಟಿನ್ ಮಾತನ್ನು ತನ್ನ ಧ್ಯೇಯವಾಗಿಟ್ಟುಕೊಂಡು, ಗೆದ್ದವರಿಗೆ ಮೊದಮೊದಲು ಪದಕವನ್ನೂ ಕೊಡುತ್ತಿರಲಿಲ್ಲ. ಧ್ಯೇಯವು ಉದಾತ್ತವೇ ಸರಿ. ಆದರೆ ಮಾನದಿಂದ ಮಾತ್ರ ಮಕ್ಕಳ ಹೊಟ್ಟೆ ತುಂಬಲಾರದು. ಹೆಸರಿಗೆ ನಿಷ್ಕಾಮದ ಆಟವೆನಿಸಿಕೊಂಡ ಪಂದ್ಯಗಳಲ್ಲಿಯೂ ಆಟಗಾರರ ಬೂಟಿನೊಳಗೆ ಗುಟ್ಟಾಗಿ ಹಣವನ್ನಿಡುವ ಪದ್ಧತಿ ಬೆಳೆಯಿತು. ಕಡೆಗೆ ೧೯೭೪ರಲ್ಲಿ ಇಂಗ್ಲೆಂಡಿನ ಸಂಘವು ಈ ಭೇದವನ್ನೇ ತೊಡೆದುಹಾಕಿ, ಎಲ್ಲರೂ ಆಟಗಾರರೆಂದು ಮಾತ್ರ ಕರೆಯಿತು. ಬಚ್ಚಿಡುವುದಕ್ಕಿಂತ ಬಹಿರಂಗವಾಗಿ ಕೊಡುವುದು ಲೇಸಲ್ಲವೇ?

ಹೀಗೆ ನೆಲೆಗೊಂಡದ್ದೇ ಅರೆವೃತ್ತಿಯ ಆಟ. ಹಗಲೆಲ್ಲ ಬೇರೊಂದು ಉದ್ಯೋಗ, ಸಂಜೆ ಅಭ್ಯಾಸ, ಶನಿವಾರ ಪಂದ್ಯ, ಅದಕ್ಕೆ ಒಂದಿಷ್ಟು ಸಂಭಾವನೆ. ಇಂತಹ ತಂಡಗಳ ಲೀಗುಗಳನ್ನು ದೇಶವಿಡೀ ಒಂದಾಗಿ ನಡೆಸದೆ ಸೀಮೆ ಸೀಮೆಗೆ ಬೇರೆಬೇರೆಯಾಗಿ ನಡೆಸುತ್ತಾರೆ. ಇದರ ಮರ್ಮವನ್ನು ಗೃಹಿಣಿಯರು ಒಡನೆಯೇ ಗ್ರಹಿಸುವರು: ದಾರಿಯ ಖರ್ಚು ಕಡಿಮೆ; ಮೇಲಾಗಿ ವಾರದ ನಡುವೆ ಸಂಜೆ ಆಡಿದವನು ಮರುದಿನ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಷ್ಟೆ.

ಉತ್ತರ ಇಂಗ್ಲೆಂಡಿನ ಇಂತಹ ಲೀಗಿನಿಂದ ಬಂದ ಜೇಮೀ ವಾರ್ಡಿ ಎಂಬಾತನ ಕಥೆ ಪ್ರಸಿದ್ಧವಾಗಿದೆ. ಹದಿನಾರನೆಯ ವಯಸ್ಸಿನಲ್ಲಿ ಶೆಫೀಲ್ಡಿನ ದೊಡ್ಡ ತಂಡವೊಂದು ಅವನನ್ನು ಕೈಬಿಟ್ಟಿತು. ಅವನು ಸಮೀಪದ ಸ್ಟಾಕ್ಸ್‌ಬ್ರಿಜ್ ಎಂಬ ಉಕ್ಕಿನ ಊರಿನ ತಂಡವನ್ನು ಸೇರಿದನು. ಆ ತಂಡದ ಹೆಸರಿನಲ್ಲಿಯೇ ಉಕ್ಕು ಎಂಬ ಶಬ್ದವುಂಟು. ವಾರಕ್ಕೆ ದೊರೆಯುತ್ತಿದ್ದುದು ೩೦ ಪೌಂಡುಗಳು. ಜೀವನಕ್ಕಾಗಿ ಅವನು ಅಂಗವೈಕಲ್ಯವುಳ್ಳವರ ಕೈಕಾಲುಗಳಿಗೆ ಆಧಾರದ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ೨೦೧೦ರಲ್ಲಿ ಹ್ಯಾಲಿಫ್ಯಾಕ್ಸ್ ತಂಡವನ್ನು ಸೇರಿದನು. ೨೦೧೦-೧೧ರ ಋತುವಿನಲ್ಲಿ ಆ ತಂಡವು ನಾರ್ದರ್ನ್ ಪ್ರೀಮಿಯರ್ ಲೀಗನ್ನು ಗೆದ್ದು ಮೇಲಿನ ತರಗತಿಗೆ ಏರಿತು. ೨೦೧೨ರಲ್ಲಿ ಲೆಸ್ಟರ್ ನಗರದ ತಂಡವು ಹತ್ತು ಲಕ್ಷ ಪೌಂಡುಗಳನ್ನು ತೆತ್ತು ಅವನನ್ನು ಕೊಂಡಿತು. ೨೦೧೬ರಲ್ಲಿ ಆ ತಂಡ ಇಂಗ್ಲೆಂಡಿನ ಅತ್ಯುಚ್ಚ ಲೀಗನ್ನೇ ಗೆದ್ದಿತು.

ಇಂತಹ ಕಥೆಯನ್ನು ಕೇಳಿ ಹುಡುಗರು ಕುಣಿಯುವುದು ಸಹಜ. ಆದರೆ ಹಿರಿಯರು ಅದನ್ನು ಬೇರೆ ರೀತಿಯಲ್ಲಿ ಓದಬೇಕು. ವಾರ್ಡಿಯ ಜೊತೆಯಲ್ಲಿ ಆಡಿದವರೆಲ್ಲರೂ ವಾರ್ಡಿಗಳಾಗಲಿಲ್ಲ. ಅವರು ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದರು. ಅವರ ಬಾಳು ಕೆಡಲಿಲ್ಲವೇಕೆಂದರೆ ಕೈಯಲ್ಲೊಂದು ಕಸುಬಿತ್ತು. ಒಬ್ಬನ ಏಳಿಗೆಗಿಂತ, ಏಳದಿದ್ದ ನೂರಾರು ಮಂದಿ ಬೀಳದೆ ನಿಂತರೆಂಬುದೇ ಆ ವ್ಯವಸ್ಥೆಯ ಹೆಚ್ಚಳವೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ನಾಡಿನ ವಿಚಾರ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರಿಂದ ಬಂದ ಈ ಆಟವನ್ನು ಅಲ್ಲಿಯ ಜನರು ಬೇಗನೆ ತಮ್ಮದಾಗಿಸಿಕೊಂಡರು. ಮುಂಬಯಿಯಲ್ಲಿ ೧೮೯೧ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾಟವನ್ನು ಬಿಳಿಯರ ಪಲ್ಟಣಗಳೇ ಗೆಲ್ಲುತ್ತಿದ್ದುವು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತು. ಮರುವರ್ಷವೂ ಅವರೇ ಗೆದ್ದರು. ೧೯೪೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಫ್ರಾನ್ಸಿನ ಎದುರು ಭಾರತಕ್ಕೆ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಅವರು ಬೆಂಗಳೂರಿನವರು. ನಮ್ಮವರಲ್ಲಿ ಅನೇಕರು ಬರಿಗಾಲಲ್ಲಿ ಆಡಿದ ಆ ಪಂದ್ಯವನ್ನು ೧-೨ರಿಂದ ಸೋತರೂ ಮಾನಕ್ಕೆ ಕೊರತೆಯಾಗಲಿಲ್ಲ. ಬೆಂಗಳೂರಿನ ಅಹ್ಮದ್ ಖಾನ್ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ, ಅಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿಯ ಆಟಗಾರರಲ್ಲಿ ಒಬ್ಬರಾದರು.

ರಾಜ್ಯಗಳ ನಡುವಣ ಸಂತೋಷ್ ಟ್ರೋಫಿ ೧೯೪೧ರಲ್ಲಿ ಆರಂಭವಾಯಿತು. ಮೈಸೂರು ತಂಡವು ಅದನ್ನು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಎಂಬ ನಾಲ್ಕು ಋತುಗಳಲ್ಲಿ ಗೆದ್ದಿತು. ಮೊದಲೆರಡು ಗೆಲುವುಗಳ ಕಾಲದಲ್ಲಿ ನಮ್ಮ ಬಳ್ಳಾರಿ ಸೀಮೆ ಮದರಾಸಿಗೆ ಸೇರಿತ್ತು; ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿದ ಮೇಲೆ ಕಂಪ್ಲಿಯವರಾದ ನಾವೂ ಆ ಕೀರ್ತಿಗೆ ಪಾಲುಗಾರರಾದೆವೆನ್ನಬೇಕು.

ಆ ಕಾಲದಲ್ಲಿ ಬೆಂಗಳೂರಿನ ಆಟಗಾರನಿಗೆ ಅನ್ನವನ್ನು ಕೊಟ್ಟವರು ಯಾರು? ಅಲ್ಲಿಯೂ ಕಾರ್ಖಾನೆಗಳೇ. ೧೯೪೦ರಲ್ಲಿ ವಿಮಾನ ಕಾರ್ಖಾನೆಯಾದ ಎಚ್.ಎ.ಎಲ್., ೧೯೪೮ರಲ್ಲಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ. ಸ್ಥಾಪಿತವಾದುವು. ಇವುಗಳೂ ಸೈನ್ಯದ ದಳಗಳೂ ಸರ್ಕಾರಿ ಕಚೇರಿಗಳೂ ತಂತಮ್ಮ ತಂಡಗಳನ್ನು ಕಟ್ಟಿ ನಗರದ ಲೀಗಿನಲ್ಲಿ ಆಡಿಸಿದುವು. ಚೆನ್ನಾಗಿ ಆಡುವ ಹುಡುಗನಿಗೆ ಕಾಯಂ ನೌಕರಿ. ಕಾಲಿನ ಶಕ್ತಿ ಉಡುಗಿದ ಮೇಲೂ ಅರುವತ್ತರ ಹತ್ತಿರದವರೆಗೆ ತಿಂಗಳ ಸಂಬಳ. ಹೆಣ್ಣು ಕೊಡುವವರು ಹಿಂದೆಗೆಯದಂತಹ ಆಟ ಅದು! ಇಂಗ್ಲೆಂಡಿನವನು ದುಡಿಮೆಯ ಪಕ್ಕದಲ್ಲಿ ಆಟವನ್ನಿಟ್ಟುಕೊಂಡನು. ನಮ್ಮವನು ಆಟದ ಬಲದಿಂದಲೇ ದುಡಿಮೆಯನ್ನು ಪಡೆದನು.

೧೯೬೯ರ ತರುವಾಯ ಸಂತೋಷ್ ಟ್ರೋಫಿ ನಮ್ಮ ಕೈಗೆ ಬಹುಕಾಲ ಸಿಗಲಿಲ್ಲ. ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ. ಬೇರೆ ರಾಜ್ಯಗಳು ಬಲಿತವು. ಒಳ್ಳೆಯ ಆಟಗಾರರು ಹೆಚ್ಚು ಹಣ ಸಿಗುವ ಕಲ್ಕತ್ತೆ, ಗೋವೆಗಳಿಗೆ ಹೋದರು. ಕ್ರಿಕೆಟ್ಟಿನ ಮೋಹ ಹೆಚ್ಚಿತು. ಸರ್ಕಾರಿ ಕಾರ್ಖಾನೆಗಳಲ್ಲಿ ಹೊಸ ನೇಮಕಗಳು ಕಡಿಮೆಯಾದ ಮೇಲೆ ಆಟದ ಹುಡುಗರಿಗೆ ಬಾಗಿಲು ಕಿರಿದಾಯಿತು. ಎಚ್.ಎ.ಎಲ್. ತಂಡವು ೨೦೧೦ರಿಂದ ಎರಡು ಋತುಗಳ ಕಾಲ ರಾಷ್ಟ್ರೀಯ ಐ-ಲೀಗಿನಲ್ಲಿ, ಪರದೇಶದ ಆಟಗಾರರನ್ನು ಕರೆತಂದ ಶ್ರೀಮಂತ ತಂಡಗಳ ಎದುರು ತನ್ನವರನ್ನೇ ನಂಬಿ ಆಡಿತು, ೨೦೧೨ರಲ್ಲಿ ಕೆಳಗಿಳಿಯಿತು. ಒಂದು ಯುಗವು ಅಲ್ಲಿಗೆ ಮುಗಿಯಿತೆಂದು ಹೇಳಬಹುದು.

ಹೊಸ ಯುಗವು ನಮ್ಮ ನೆರೆಯ ಉಕ್ಕಿನಿಂದ ಬಂದಿತು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಿನ ಭಂಡಾರ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ತೋರಣಗಲ್ಲಿನಲ್ಲಿ ಜಿಂದಾಲರ ಉಕ್ಕಿನ ಕಾರ್ಖಾನೆ. ಅದೇ ಸಂಸ್ಥೆಯು ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಪೂರ್ಣವೃತ್ತಿಯ ತಂಡವನ್ನು ಸ್ಥಾಪಿಸಿತು. ಸುನಿಲ್ ಛೆಟ್ರಿ ನಾಯಕರು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಶಿಕ್ಷಕರು. ಮೊದಲ ಋತುವಿನಲ್ಲಿಯೇ, ೨೦೧೪ರ ಏಪ್ರಿಲ್ ೨೧ರಂದು ಗೋವೆಯಲ್ಲಿ ಡೆಂಪೊ ತಂಡವನ್ನು ೪-೨ರಿಂದ ಸೋಲಿಸಿ ಆ ತಂಡವು ಐ-ಲೀಗನ್ನು ಗೆದ್ದುಕೊಂಡಿತು. ೨೦೧೮ರಲ್ಲಿ ತೋರಣಗಲ್ಲಿನ ಬಳಿಯ ವಿಜಯನಗರ ಬಡಾವಣೆಯಲ್ಲಿ ಇನ್‌ಸ್ಪೈರ್ ಕ್ರೀಡಾಸಂಸ್ಥೆಯು ಆರಂಭವಾಯಿತು. ಬೆಂಗಳೂರು ತಂಡದ ಕಿರಿಯರಿಗೂ ಅಲ್ಲಿ ವಸತಿ ಶಿಕ್ಷಣದ ಏರ್ಪಾಡಾಯಿತು. ಥೇಮ್ಸ್ ದಂಡೆಯ ಕಬ್ಬಿಣದ ಕಥೆ ಹೀಗೆ ತುಂಗಭದ್ರೆಯ ಸೀಮೆಯನ್ನು ಮುಟ್ಟಿತು.

ಆದರೆ ರಾಜ್ಯಕ್ಕೆ ಕಳೆದುಹೋದ ಕೀರ್ತಿಯನ್ನು ಮರಳಿ ತಂದವರು ಈ ದೊಡ್ಡ ಸಂಬಳದವರಲ್ಲ. ೨೦೨೨-೨೩ರ ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ಅರಬ್ಬೀ ದೇಶದ ರಿಯಾದ್ ನಗರದಲ್ಲಿ ನಡೆದುವು. ರವಿಬಾಬು ರಾಜು ಅವರ ಶಿಕ್ಷಣದಲ್ಲಿದ್ದ ಕರ್ನಾಟಕ ತಂಡವು, ಹೆಸರಾಂತ ತಾರೆಗಳಿಲ್ಲದೆ, ಬೆಂಗಳೂರಿನ ಲೀಗಿನಲ್ಲಿ ಆಡುವ ಹುಡುಗರನ್ನು ನೆಚ್ಚಿಕೊಂಡು ಅಲ್ಲಿಗೆ ಹೋಗಿತ್ತು. ಉಪಾಂತ್ಯದಲ್ಲಿ ಸೈನ್ಯದ ಸರ್ವಿಸಸ್ ತಂಡವನ್ನು ೩-೧ರಿಂದ ಸೋಲಿಸಿತು. ೨೦೨೩ರ ಮಾರ್ಚ್ ೪ರಂದು ಅಂತಿಮ ಪಂದ್ಯದಲ್ಲಿ ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್ ಇವರ ಗೋಲುಗಳಿಂದ ಮೇಘಾಲಯವನ್ನು ೩-೨ರಿಂದ ಗೆದ್ದಿತು. ೫೪ ವರ್ಷಗಳ ಬಳಿಕ ಟ್ರೋಫಿ ನಾಡಿಗೆ ಬಂದಿತು. ಮೇಲಿನ ಗೋಪುರವು ಎಷ್ಟೇ ಹೊಳೆಯಲಿ, ಅಡಿಗಲ್ಲು ಆ ಸ್ಥಳೀಯ ಲೀಗೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟನ್ನು ಹೇಳಿದ ಬಳಿಕ ಆ ತಂದೆತಾಯಿಗಳ ಪ್ರಶ್ನೆಗೆ ಬರೋಣ. ಆಟದಿಂದ ಅನ್ನ ಹುಟ್ಟುವುದುಂಟು. ಆದರೆ ಕೆಲವರಿಗೆ ಮಾತ್ರ, ಅವರಿಗೂ ಕೆಲವು ವರ್ಷ ಮಾತ್ರ. ಮೂವತ್ತೈದಕ್ಕೆ ಕಾಲು ಸೋಲುವುದು. ಹೊಟ್ಟೆಗೆ ಆಗಲೂ ಹಸಿವು ಅಷ್ಟೇ. ಆದುದರಿಂದ ಮಗನಾಗಲಿ ಮಗಳಾಗಲಿ ಆಟದಲ್ಲಿ ನಿಜವಾದ ಶಕ್ತಿಯನ್ನು ತೋರಿದರೆ ತಡೆಯಬೇಡಿರಿ. ಆದರೆ ಕಳುಹಿಸುವ ಮುನ್ನ ಮೂರು ಮಾತುಗಳನ್ನು ಕೇಳಿರಿ. ಅಲ್ಲಿ ಶಾಲೆಯ ಪಾಠ ನಡೆಯುವುದೇ, ಪರೀಕ್ಷೆಗೆ ಕೂರಿಸುವರೇ? ಕಾಲು ಮುರಿದರೆ ಚಿಕಿತ್ಸೆಯ ಹೊರೆ ಯಾರದು? ಹದಿನೆಂಟಕ್ಕೆ ‘ನೀನು ಸಾಲದು’ ಎಂದು ಹಿಂದಕ್ಕೆ ಕಳುಹಿಸಿದರೆ ಮಗುವಿನ ಕೈಯಲ್ಲಿ ಉಳಿಯುವುದೇನು? ಈ ಮೂರಕ್ಕೂ ಕಾಗದದ ಮೇಲೆ ಉತ್ತರ ದೊರೆತರೆ ಧೈರ್ಯವಾಗಿ ಕಳುಹಿಸಬಹುದು. ಬಾಯಿಮಾತಿನ ಆಶ್ವಾಸನೆ ಮಾತ್ರ ದೊರೆತರೆ, ಊರಿನಲ್ಲಿಯೇ ಓದುತ್ತ ಆಡಲಿ, ಐ.ಟಿ.ಐ. ತರಬೇತಿಯೋ ಪದವಿಯೋ ಕೈಗೆ ಬರಲಿ.

ಊರಿನ ಹಿರಿಯರಿಗೂ ಒಂದು ಮಾತು. ನಮ್ಮ ಸೀಮೆಯಲ್ಲಿ ಅಕ್ಕಿ ಗಿರಣಿಗಳಿವೆ, ಗಣಿಗಳಿವೆ, ಕಾರ್ಖಾನೆಗಳಿವೆ, ಬ್ಯಾಂಕುಗಳಿವೆ. ಅವುಗಳ ಯಜಮಾನರು ತಲಾ ಇಬ್ಬರು ಆಟದ ಹುಡುಗರಿಗೆ ಕೆಲಸ ಕೊಟ್ಟು, ಸಂಜೆ ಎರಡು ಗಂಟೆಯ ಬಿಡುವನ್ನು ಕೊಟ್ಟರೆ, ಕಂಪ್ಲಿ, ಹೊಸಪೇಟೆ, ಸಂಡೂರು, ಗಂಗಾವತಿಗಳ ನಡುವೆ ಒಂದು ಚಿಕ್ಕ ಲೀಗ್ ನಡೆಯದೇ ಇದ್ದೀತೇ? ದಾರಿಯ ಖರ್ಚು ಅಲ್ಪ. ರಾತ್ರಿಗೆ ಎಲ್ಲರೂ ಮನೆಯಲ್ಲಿಯೇ ಉಣ್ಣಬಹುದು. ಬಾವಿಗೆ ಬಿದ್ದ ಚೆಂಡನ್ನು ಎತ್ತಿದ ದ್ರೋಣರ ಕೌಶಲವು ದೊಡ್ಡದು. ಆ ಕೌಶಲವನ್ನು ಕಂಡು, ಬಡ ಬ್ರಾಹ್ಮಣನನ್ನು ಕರೆದು ನೆಲೆ ಕೊಟ್ಟ ಭೀಷ್ಮರ ವಿವೇಕವೂ ಅಷ್ಟೇ ದೊಡ್ಡದು. ಕುಶಲರಾದ ಹುಡುಗರಿಗೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. ಕರೆದು ನೆಲೆ ಕೊಡುವವರು ಬೇಕಾಗಿದ್ದಾರೆ.