ಕೋರ್ಟಿನ ಗೆಲುವು, ಒಳಗಿನ ಆಟ
ಮಲ್ಲೇಶ್ವರದ ಮದುವೆ ಹಾಲಿನಲ್ಲಿ ಶುರುವಾದ ಒಂದು ಕುಟುಂಬದ ಕಥೆ, ವಯಸ್ಸಿನ ಪಾಠ

ಮಲ್ಲೇಶ್ವರದಲ್ಲಿ ವಯಸ್ಸಿಗೊಂದು ಪ್ರಶ್ನೆ ಕಾದಿರುತ್ತದೆ. ಎಂಟನೇ ಕ್ರಾಸಿನಲ್ಲಿ ಹೂ ಕೊಳ್ಳುತ್ತ ಸಿಕ್ಕ ಪರಿಚಯದವರು ಹದಿನಾರರ ಹುಡುಗನಿಗೆ ‘ಎಷ್ಟು ಪರ್ಸೆಂಟು?’ ಎನ್ನುತ್ತಾರೆ. ಇಪ್ಪತ್ತೈದಕ್ಕೆ ‘ಯಾವ ಕಂಪನಿ?’ ಮೂವತ್ತಕ್ಕೆ ‘ಊಟ ಹಾಕಿಸೋದು ಯಾವಾಗ?’ ಅರವತ್ತಕ್ಕೆ ‘ಮಗ ಅಲ್ಲೇ ಸೆಟ್ಲಾ?’ ಎಲ್ಲವೂ ಹೊರಗೆ ಕಾಣುವ ಮನುಷ್ಯನ ಬಗ್ಗೆಯೇ. ಒಳಗಿರುವವನು ಅಷ್ಟೇ ಬೆಳೆದಿದ್ದಾನೆಯೇ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮುಹೂರ್ತವಿಲ್ಲದ ದಿನ ಆಟ

ಇದೇ ಬಡಾವಣೆಯ ಕೆನರಾ ಯೂನಿಯನ್‌ನಲ್ಲಿ ಪ್ರಕಾಶ್ ಪಡುಕೋಣೆ ರ‍್ಯಾಕೆಟ್ ಹಿಡಿದರು. ಅಲ್ಲಿನ ಮದುವೆ ಹಾಲೇ ಬ್ಯಾಡ್ಮಿಂಟನ್ ಕೋರ್ಟು. ಮುಹೂರ್ತವಿದ್ದ ದಿನ ಆಟಕ್ಕೆ ರಜೆ. 1962ರ ರಾಜ್ಯ ಜೂನಿಯರ್ ಪಂದ್ಯಾವಳಿಯಲ್ಲಿ ಏಳು ವರ್ಷದ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷಕ್ಕೆ ಅದೇ ಪ್ರಶಸ್ತಿ ಅವನದಾಯಿತು. 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಗೆದ್ದಾಗ ವಯಸ್ಸು 24.

ಇಪ್ಪತ್ನಾಲ್ಕಕ್ಕೇ ಶಿಖರ ಮುಟ್ಟಿದವರು ಮುಂದೇನು ಮಾಡಬೇಕು? ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಪ್ರತಿ ಘಟ್ಟಕ್ಕೂ ಅದರದೇ ಒಂದು ಸಂಘರ್ಷ. ನಡುವಯಸ್ಸಿನದು ಮುಂದಿನ ತಲೆಮಾರನ್ನು ಬೆಳೆಸುವುದೋ, ಇದ್ದಲ್ಲೇ ನಿಂತುಬಿಡುವುದೋ ಎಂಬುದು. 1994ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಪ್ರಕಾಶ್ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ತನ್ನ ಪದಕವನ್ನು ಇನ್ನೊಬ್ಬರ ಕೊರಳಲ್ಲಿ ನೋಡಿ ಹಿಗ್ಗುವುದಕ್ಕೆ ಬೇರೆಯೇ ತಾಲೀಮು ಬೇಕು.

ಅಮ್ಮ ಗುರುತಿಸಿದ್ದು

ಮಗಳು ದೀಪಿಕಾ ಬ್ಯಾಡ್ಮಿಂಟನ್ ಬಿಟ್ಟು ಬಣ್ಣ ಹಚ್ಚಿದರು. ಮೊದಲ ಸಿನಿಮಾ ಕನ್ನಡದ್ದೇ, 2006ರ ‘ಐಶ್ವರ್ಯ’. 2013ರಲ್ಲಿ ಸಾಲುಸಾಲು ಯಶಸ್ಸು. ಮರುವರ್ಷದ ಆರಂಭದಲ್ಲಿ, 28ರ ವಯಸ್ಸಿನಲ್ಲಿ, ಬೆಳಗ್ಗೆ ಏಳುವುದೇ ಬೇಡವೆನಿಸುವಂಥ ಶೂನ್ಯ. ನೋಡಲು ಬಂದಿದ್ದ ತಂದೆತಾಯಿ ಹೊರಟು ನಿಂತಾಗ ಅಳು ಒತ್ತರಿಸಿತು. ಅಮ್ಮ ಉಜ್ಜಲಾ ಮಾಮೂಲಿ ಕಾರಣಗಳನ್ನೆಲ್ಲ ಕೇಳಿ ನೋಡಿದರು. ಇದು ಆ ಬಗೆಯ ಅಳುವಲ್ಲ, ತಜ್ಞರ ನೆರವು ಬೇಕು ಎಂದು ಅವರಿಗೆ ಹೊಳೆಯಿತು. 2015ರಲ್ಲಿ ದೀಪಿಕಾ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಅದೇ ವರ್ಷ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ಆರಂಭವಾಯಿತು.

ಖಿನ್ನತೆ ಒಂದು ಕಾಯಿಲೆ. ಗೆದ್ದವರು, ಸೋತವರು ಎಂದು ಅದು ಆರಿಸುವುದಿಲ್ಲ. ಆದರೆ ಹೊರಗಿನ ಗೆಲುವು ಅದನ್ನು ಎಲ್ಲರಿಂದಲೂ, ಕೆಲವೊಮ್ಮೆ ನಮ್ಮಿಂದಲೂ, ಮರೆಮಾಡಬಲ್ಲದು. ‘ನಿನಗೇನು ಕಮ್ಮಿಯಾಗಿದೆ?’ ಎಂಬ ಒಂದೇ ಮಾತು ಬಾಯಿ ಮುಚ್ಚಿಸಲು ಸಾಕು.

ಮೆಟ್ಟಿಲು ಎರಡು ಬಗೆ

ಎರಿಕ್ಸನ್‌ಗಿಂತ ಎಂಟು ಶತಮಾನ ಮುಂಚೆಯೇ ಕನ್ನಡ ನಾಡು ಒಳಬೆಳವಣಿಗೆಗೆ ಮೆಟ್ಟಿಲು ಕಟ್ಟಿತ್ತು. ಶರಣರ ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ನೆಲೆ. ಅವಕ್ಕೆ ವಯಸ್ಸಿನ ಹಂಗಿಲ್ಲ. ಅರವತ್ತು ತುಂಬಿದ ಮಾತ್ರಕ್ಕೆ ಯಾರೂ ಮೇಲೇರುವುದಿಲ್ಲ, ಇಪ್ಪತ್ತರವರನ್ನು ಯಾರೂ ತಡೆಯುವುದೂ ಇಲ್ಲ. ಹಾಗೆಂದು ಒಳಗನ್ನು ಬೆಳೆಸಲು ಹೊರಗನ್ನು ಬಿಡಬೇಕಿರಲಿಲ್ಲ. ನೇಯುತ್ತ, ದೋಣಿ ನಡೆಸುತ್ತ, ಕಾಯಕದಲ್ಲಿದ್ದೇ ಏರಬೇಕಿತ್ತು.

ಸಮತೋಲನವೆಂದರೆ ದಿನವನ್ನು ಒಳಗಿಗಿಷ್ಟು ಹೊರಗಿಗಿಷ್ಟು ಎಂದು ಹಂಚುವುದಲ್ಲ. ಏಳಕ್ಕೆ ಸೋಲು ನುಂಗುವುದು, ಇಪ್ಪತ್ತೆಂಟಕ್ಕೆ ನೆರವು ಕೇಳುವುದು, ನಲವತ್ತಕ್ಕೆ ಬಿಟ್ಟುಕೊಡುವುದು. ಆಯಾ ಹೊತ್ತಿನ ಕೆಲಸ ಆಯಾ ಹೊತ್ತಿಗೆ ಆಗಬೇಕು.

ಆಗ ಹೊರಗಿನ ಹೆಸರೂ ಒಳಗಿನ ಕೆಲಸಕ್ಕೆ ಒದಗುತ್ತದೆ. ದೀಪಿಕಾ ಅವರ ಪ್ರತಿಷ್ಠಾನ 2016ರಲ್ಲಿ ದಾವಣಗೆರೆ ಜಿಲ್ಲೆಯ ಹಳ್ಳಿಗಳಿಗೆ ಹೋಯಿತು. ಅಲ್ಲಿ ಬೇಕಿದ್ದದ್ದು ತಾರೆಯ ಭಾಷಣಕ್ಕಿಂತ ಹೆಚ್ಚಾಗಿ ವೈದ್ಯರು ಮತ್ತು ಔಷಧಿ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ 20 ಜನರಲ್ಲಿ ಒಬ್ಬರನ್ನು ಖಿನ್ನತೆ ಕಾಡಿದೆ. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿಲ್ಲ. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಯಾವ ವಯಸ್ಸಿನವರಾದರೂ ಸರಿ.