ಮತ್ತೆ ಮತ್ತೆ ಉರಿಮೂತ್ರವೇ?

ಮೂತ್ರ ಮಾಡುವಾಗ ಉರಿ, ಗಳಿಗೆಗೊಮ್ಮೆ ಹೋಗಬೇಕೆನಿಸುವುದು, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು. ಅನೇಕ ಮಹಿಳೆಯರು ಇದನ್ನು 'ಉಷ್ಣ' ಎಂದುಕೊಂಡು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುತ್ತಾರೆ. ಕೆಲವರು ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ಮಾತ್ರೆ ತರುತ್ತಾರೆ. ಎರಡು ದಿನದಲ್ಲಿ ಉರಿ ಇಳಿದರೆ ಮಾತ್ರೆಯೂ ನಿಲ್ಲುತ್ತದೆ. ತಿಂಗಳೆರಡು ತಿಂಗಳಲ್ಲಿ ಮತ್ತೆ ಅದೇ ಕಥೆ.

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಹೀಗಾದರೆ ಅದು ಮರುಕಳಿಸುವ ಸೋಂಕು. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ. ಪುರುಷರಲ್ಲಿ ಮೂತ್ರ ಹೊರಬರುವ ನಾಳ ಸುಮಾರು 20 ಸೆಂ.ಮೀ. ಉದ್ದವಿದ್ದರೆ, ಸ್ತ್ರೀಯರಲ್ಲಿ ಕೇವಲ 4 ಸೆಂ.ಮೀ. ಗುದದ್ವಾರವೂ ಹತ್ತಿರ. ಆದ್ದರಿಂದ ಇದು ಕೊಳಕಿನ ಕಾಯಿಲೆಯಲ್ಲ. ಹೇಳಿಕೊಳ್ಳಲು ನಾಚಿಕೆ ಬೇಡ.

ಪದೇ ಪದೇ ಬರುವವರು ಮಾತ್ರೆ ಆರಂಭಿಸುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ಮನಬಂದಂತೆ ನುಂಗಿದ ಆಂಟಿಬಯೋಟಿಕ್‌ಗಳಿಂದಾಗಿ ಒಂದು ಕಾಲದಲ್ಲಿ ಸಲೀಸಾಗಿ ಕೆಲಸ ಮಾಡುತ್ತಿದ್ದ ಮಾತ್ರೆಗಳು ಇಂದು ಅನೇಕರಲ್ಲಿ ನಾಟುತ್ತಿಲ್ಲ. ರಕ್ತದ ಸಕ್ಕರೆಯನ್ನೂ ನೋಡಿಸಿ. ಕಲ್ಲಿನ ಸಂಶಯವಿದ್ದರೆ ವೈದ್ಯರು ಸ್ಕ್ಯಾನಿಂಗ್ ಹೇಳುತ್ತಾರೆ.

ತಡೆಯುವುದು ಹೇಗೆ?

* ನೀರು ಕುಡಿಯಿರಿ. ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದಾಗ ಸೋಂಕು ಸುಮಾರು ಅರ್ಧಕ್ಕಿಳಿದದ್ದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೃದಯ, ಮೂತ್ರಪಿಂಡದ ರೋಗಿಗಳು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಲಿ.

* ಮೂತ್ರ ಕಟ್ಟಿಕೊಳ್ಳಬೇಡಿ. ಕಚೇರಿಯ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ನೀರು ಮುಟ್ಟದ ಸೊಸೆ, ಶಾಲೆಯಿಂದ ಬಂದೊಡನೆ ಬಚ್ಚಲಿಗೆ ಓಡುವ ಮಗಳು ನಿಮ್ಮ ಮನೆಯಲ್ಲೂ ಇರಬಹುದು. ವಿಚಾರಿಸಿ.

* ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ದಾಂಪತ್ಯ ಸಂಪರ್ಕದ ನಂತರ ಮೂತ್ರ ಮಾಡುವುದು ಒಳ್ಳೆಯ ಅಭ್ಯಾಸ.

* ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಮುಲಾಮು ಬಹಳ ಉಪಯುಕ್ತ. ವೈದ್ಯರ ಸಲಹೆ ಪಡೆದು ಬಳಸಿ.

ಯಾವ ತೊಂದರೆಯೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಡ. ಗರ್ಭಿಣಿಯರಿಗೆ ಮಾತ್ರ ಚಿಕಿತ್ಸೆ ಬೇಕೇಬೇಕು.

ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಎಳನೀರು ಕುಡಿದು ಕಾಯಬೇಡಿ; ಅದೇ ದಿನ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಮಧುಮೇಹಿಗಳು, ಗಂಡಸರು ಮತ್ತು ಮಕ್ಕಳಲ್ಲಿ ಬರಿಯ ಉರಿ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಕೊಟ್ಟ ಮಾತ್ರೆಗಳನ್ನು, ಉರಿ ನಿಂತರೂ, ಹೇಳಿದಷ್ಟು ದಿನ ಮುಗಿಸಿ.